ವಿಕ್ಟೋರಿಯಾ ಕಾಲದ ಬಾಡಿಗೆ ಲಾಯದ ಯಜಮಾನನನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಂಶವೃಕ್ಷ ಬರೆಯುವಾಗ ಇಂಗ್ಲೆಂಡಿನ ಮುತ್ತಜ್ಜನೊಬ್ಬ ಸಿಕ್ಕವರಿಗೆ, ಲಂಡನ್ನಿನ ಹಳೆಯ ‘ಮ್ಯೂಸ್’ (ಲಾಯದ ಗಲ್ಲಿ) ಮನೆಯೊಂದರ ಹಿನ್ನೆಲೆ ಬೇಕಾದವರಿಗೆ, ಆ ಕಾಲದ ಊರುಗಳ ಬಗ್ಗೆ ಅಧ್ಯಯನ ಮಾಡುವವರಿಗೆ ಈ ಪುಟ. ಇಲ್ಲಿ ವಿಕ್ಟೋರಿಯಾ ಕಾಲ ಎಂದರೆ ರಾಣಿ ಪಟ್ಟಕ್ಕೆ ಬಂದ 1837ರ ಜೂನ್‌ನಿಂದ ತೀರಿಕೊಂಡ 1901ರ ಜನವರಿವರೆಗೆ. ಬೇರೆ ಎಲ್ಲೂ ಹೇಳದಿದ್ದರೆ ಮಾತು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಸಂಬಂಧಿಸಿದ್ದು.

‘ಲಿವರಿ ಸ್ಟೇಬಲ್ ಕೀಪರ್’ ಅಂದರೆ ಏನು ಕೆಲಸ ಮಾಡುತ್ತಿದ್ದ?

ಎರಡು ಕೆಲಸ. ಒಂದು, ಸ್ವಂತ ಲಾಯ ಇಲ್ಲದ ಶ್ರೀಮಂತರು, ವೈದ್ಯರು, ವ್ಯಾಪಾರಿಗಳ ಕುದುರೆಗಳನ್ನು ವಾರದ ಅಥವಾ ತಿಂಗಳ ಲೆಕ್ಕದಲ್ಲಿ ಇಟ್ಟುಕೊಂಡು ಮೇವು, ಮಾಲೀಸು, ಆರೈಕೆ ನೋಡಿಕೊಳ್ಳುವುದು. ಇನ್ನೊಂದು, ತನ್ನದೇ ಕುದುರೆ, ಸಾರೋಟುಗಳನ್ನು ಬಾಡಿಗೆಗೆ ಬಿಡುವುದು. ಮದುವೆ, ಶವಯಾತ್ರೆ, ರೈಲು ನಿಲ್ದಾಣಕ್ಕೆ ಹೋಗಿಬರುವುದು, ಭಾನುವಾರದ ಸುತ್ತಾಟ, ಎಲ್ಲಕ್ಕೂ ಗಾಡಿ ಇವನದೇ. ರೈಲು ಬಂದಮೇಲೆ ಈ ಕಸುಬು ಮುಳುಗಿತೆಂದು ಅನೇಕರು ತಿಳಿದಿದ್ದಾರೆ. ಮುಳುಗಿದ್ದು ಊರಿಂದೂರಿಗೆ ಓಡುತ್ತಿದ್ದ ದೂರದ ಕೋಚುಗಳು. ರೈಲಿಳಿದವರನ್ನು ಮನೆ ಮುಟ್ಟಿಸಲು ಕುದುರೆಯೇ ಬೇಕಿತ್ತು, ಹಾಗಾಗಿ ಬಾಡಿಗೆ ಲಾಯಗಳು ರೈಲಿನ ಜೊತೆಜೊತೆಗೇ ಬೆಳೆದವು. ದಾಖಲೆಗಳಲ್ಲಿ ಹೊಸ ಲಾಯವೊಂದು ಇದ್ದಕ್ಕಿದ್ದಂತೆ ಕಾಣಿಸಿಕೊಂಡರೆ, ಆ ಊರಿನ ನಿಲ್ದಾಣ ಯಾವಾಗ ತೆರೆಯಿತೆಂದು ಮೊದಲು ನೋಡಿ.

ಯಾವ ಯಾವ ಹೆಸರಿನಲ್ಲಿ ಹುಡುಕಬೇಕು?

ಒಬ್ಬನೇ ಮನುಷ್ಯ ಹತ್ತು ವರ್ಷಕ್ಕೊಂದು ಹೆಸರಿನಲ್ಲಿ ಬರುತ್ತಾನೆ. ಲಿವರಿ ಸ್ಟೇಬಲ್ ಕೀಪರ್ ಆಗಿದ್ದವನು ಇನ್ನೊಂದೆಡೆ ‘ಜಾಬ್ ಮಾಸ್ಟರ್’ ಆಗಿರಬಹುದು. ಕುದುರೆ, ಗಾಡಿಗಳನ್ನು ತಿಂಗಳು, ವರ್ಷದ ಗುತ್ತಿಗೆಗೆ ಕೊಡುವವನಿಗೆ ಆ ಹೆಸರು. ಒಂಟಿ ಕುದುರೆಯ ಬಾಡಿಗೆ ಗಾಡಿ ಇಟ್ಟವನು ‘ಫ್ಲೈ ಪ್ರೊಪ್ರೈಟರ್’. ಇವಲ್ಲದೆ ‘ಕ್ಯಾಬ್ ಪ್ರೊಪ್ರೈಟರ್’, ‘ಹಾರ್ಸ್ ಡೀಲರ್’, ‘ಕೋಚ್ ಪ್ರೊಪ್ರೈಟರ್’ ಇವೆ. ‘ಪೋಸ್ಟ್ ಮಾಸ್ಟರ್’ ಎಂದು ಕಂಡರೆ ಅಂಚೆ ಕಚೇರಿಯವನೆಂದು ಬಿಟ್ಟುಬಿಡಬೇಡಿ, ಹಳೆಯ ದಾಖಲೆಗಳಲ್ಲಿ ಹೆದ್ದಾರಿಯ ಬಾಡಿಗೆ ಕುದುರೆ ಒದಗಿಸುವವನಿಗೂ ಅದೇ ಹೆಸರು. ಕಸುಬಿಗೆ ಸೇರುವ ಮುನ್ನ ಅವನು ‘ಗ್ರೂಮ್’ (ಕುದುರೆಯ ಆಳು), ‘ಆಸ್ಲರ್’ (ಛತ್ರದ ಕುದುರೆ ನೋಡಿಕೊಳ್ಳುವವನು) ಅಥವಾ ‘ಕೋಚ್‌ಮನ್’ ಆಗಿದ್ದ ಸಾಧ್ಯತೆ ಹೆಚ್ಚು. ಬಹಳ ಮಂದಿ ಹೋಟೆಲು, ಹೆಂಡದಂಗಡಿಯನ್ನೂ ನಡೆಸುತ್ತಿದ್ದರು. ಶವಪೆಟ್ಟಿಗೆ ಒದಗಿಸುವ ‘ಅಂಡರ್‌ಟೇಕರ್’ ಕೂಡ ಆಗಿರುತ್ತಿದ್ದರು, ಕರಿ ಕುದುರೆ ಮತ್ತು ಶವಗಾಡಿ ಅವರ ಬಳಿ ಹೇಗೂ ಇತ್ತು.

ದಾರಿ ತಪ್ಪಿಸುವ ಎರಡು ಪದಗಳಿವೆ. ‘ಲಿವರಿಮನ್’ ಎಂದರೆ ಲಂಡನ್ ಸಿಟಿಯ ಕಸುಬು ಸಂಘವೊಂದರ ಸದಸ್ಯ. ‘ಲಿವರಿ ಸರ್ವೆಂಟ್’ ಎಂದರೆ ಸಮವಸ್ತ್ರದ ಆಳು. ಇಬ್ಬರಿಗೂ ಲಾಯಕ್ಕೂ ಸಂಬಂಧ ಇರಬೇಕಾಗಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಸಾವಿನಿಂದ ಹಿಂದಕ್ಕೆ ಬನ್ನಿ. ಸಾವಿನ ದಿನ ಗೊತ್ತಾದರೆ ಉಯಿಲು ಸಿಗುತ್ತದೆ, ಉಯಿಲಿನಿಂದ ಮಕ್ಕಳು, ಆಸ್ತಿ, ವಿಳಾಸ. ಆಮೇಲೆ ಜನಗಣತಿಯನ್ನು ಹತ್ತು ಹತ್ತು ವರ್ಷಕ್ಕೆ ಹಿಂದೆ ಓದುತ್ತಾ ಹೋಗಿ. ನಡುವಿನ ವರ್ಷಗಳನ್ನು ಡೈರೆಕ್ಟರಿ (ಊರಿನವರ ಹೆಸರು, ಕಸುಬು, ವಿಳಾಸಗಳ ಅಚ್ಚು ಪುಸ್ತಕ), ಪತ್ರಿಕೆ, ತೆರಿಗೆ ಪುಸ್ತಕಗಳಿಂದ ತುಂಬಿ.

ನಮ್ಮ ಮುಖ್ಯ ಸಲಹೆ ಒಂದಿದೆ. ಮನುಷ್ಯನ ಹೆಸರಿನ ಬೆನ್ನು ಮಾತ್ರ ಹತ್ತಬೇಡಿ, ಲಾಯದ ಅಂಗಳದ ಬೆನ್ನನ್ನೂ ಹತ್ತಿ. ಯಜಮಾನರು ಬರುತ್ತಾರೆ, ದಿವಾಳಿಯಾಗುತ್ತಾರೆ, ಸಾಯುತ್ತಾರೆ. ಇಪ್ಪತ್ತು ಕುದುರೆ ನಿಲ್ಲುವ ಅಂಗಳ, ಮೇಲಿನ ಹುಲ್ಲಿನ ಅಟ್ಟ, ಒಳಗೆ ಬರುವ ಕಮಾನು ಎಲ್ಲೂ ಹೋಗುವುದಿಲ್ಲ. ಅದೇ ಅಂಗಳಕ್ಕೆ ಮುಂಚೆ ಯಾರಿದ್ದರು, ಆಮೇಲೆ ಯಾರು ಬಂದರು ಎಂದು ತಿಳಿದರೆ ಅರ್ಧ ಕಗ್ಗಂಟು ಬಿಡುತ್ತದೆ. ಹಿಂದಿನ ಯಜಮಾನ ಮಾವನೋ, ಹಳೆಯ ಧಣಿಯೋ, ಪಾಲುದಾರನೋ ಆಗಿರುವುದು ತೀರ ಸಾಮಾನ್ಯ.

ಒಂದು ಪಟ್ಟಿ ಮಾಡಿಕೊಳ್ಳಿ. ಕಂಬಗಳು ಹೀಗಿರಲಿ: ದಿನಾಂಕ, ದಾಖಲೆಯ ಹೆಸರು ಮತ್ತು ಅದರ ಸಂಖ್ಯೆ, ಅಲ್ಲಿ ಬರೆದ ಹೆಸರು ಇದ್ದದ್ದು ಇದ್ದ ಹಾಗೆ, ಕಸುಬು, ವಿಳಾಸ, ಜೊತೆಗಿದ್ದವರು. ಕೊನೆಯ ಕಂಬದಲ್ಲಿ ‘ಖಚಿತ’, ‘ಬಹುಶಃ’, ‘ಅನುಮಾನ’ ಎಂದು ಗುರುತು ಹಾಕಿ. ‘ಬಹುಶಃ’ ಎಂದು ಬರೆದದ್ದನ್ನು ಆರು ತಿಂಗಳ ಮೇಲೆ ‘ಖಚಿತ’ ಎಂದು ನೆನಪಿಟ್ಟುಕೊಳ್ಳುವುದರಿಂದಲೇ ಅಂತರಜಾಲದ ಮುಕ್ಕಾಲು ವಂಶವೃಕ್ಷಗಳು ಕೆಟ್ಟಿವೆ.

ಜನಗಣತಿಯಲ್ಲಿ ಏನೇನು ಸಿಗುತ್ತದೆ?

ಆಯಾ ವರ್ಷದ ಒಂದು ರಾತ್ರಿ ಆ ಮನೆಯಲ್ಲಿ ಯಾರಿದ್ದರೋ ಅವರ ಪಟ್ಟಿ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ 1841 ಮತ್ತು 1851ರ ಗಣತಿಗೆ ಎಚ್‌ಒ 107 ಎಂಬ ಸರಣಿ ಸಂಖ್ಯೆ. 1861ಕ್ಕೆ ಆರ್‌ಜಿ 9, 1871ಕ್ಕೆ ಆರ್‌ಜಿ 10, ಹೀಗೆ ಒಂದೊಂದೇ ಏರುತ್ತಾ 1901ಕ್ಕೆ ಆರ್‌ಜಿ 13. ಯಾವ ಜಾಲತಾಣದಲ್ಲಿ ನೋಡಿದರೂ ಈ ಸಂಖ್ಯೆಯನ್ನು ಹಾಳೆಯ ಸಂಖ್ಯೆಯೊಂದಿಗೆ ಬರೆದಿಡಿ. ಜಾಲತಾಣದ ಕೊಂಡಿ ಬದಲಾಗಬಹುದು, ಇದು ಬದಲಾಗುವುದಿಲ್ಲ.

1841ರದು ಬಡ ದಾಖಲೆ. ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ನಿಯಮವಿತ್ತು. 44 ವರ್ಷದವನು ‘40’ ಆಗಿಬಿಡುತ್ತಾನೆ. ಸಂಬಂಧವನ್ನೂ ಬರೆದಿಲ್ಲ, ಹುಟ್ಟೂರಿಗೆ ಬದಲು ‘ಇದೇ ಕೌಂಟಿಯೇ, ಹೌದೋ ಅಲ್ಲವೋ’ ಎಂದಷ್ಟೇ. 1851ರಿಂದ ಸಂಬಂಧ, ಮದುವೆಯ ಸ್ಥಿತಿ, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಎಲ್ಲ ಬರುತ್ತವೆ. ಲಾಯದವರಿಗೆ 1851ರಿಂದ 1881ರವರೆಗಿನ ಗಣತಿಗಳು ವಿಶೇಷ ಬೆಲೆಯವು. ಧಣಿಗಳು ತಮ್ಮ ಕೈಕೆಳಗಿನ ಆಳುಗಳ ಸಂಖ್ಯೆ ಹೇಳಬೇಕಿತ್ತು. ‘6 ಆಳು, 2 ಹುಡುಗರಿಗೆ ಕೆಲಸ ಕೊಟ್ಟವನು’ ಎಂಬಂಥ ಸಾಲು ಸಿಕ್ಕರೆ ವ್ಯಾಪಾರದ ಗಾತ್ರ ನೇರವಾಗಿ ತಿಳಿಯುತ್ತದೆ. 1891ರಲ್ಲಿ ಈ ಸಂಖ್ಯೆ ಹೋಗಿ ಧಣಿಯೋ, ಕೂಲಿಯೋ, ಎರಡೂ ಅಲ್ಲವೋ ಎಂದು ಗುರುತು ಹಾಕುವ ಕಂಬಗಳು ಬಂದವು.

ಅವನ ಮನೆಯ ಸಾಲುಗಳನ್ನು ಮಾತ್ರ ಓದಿ ಪುಟ ಮುಚ್ಚಬೇಡಿ. ಲಾಯದ ಆಳುಗಳು ಹೆಂಡತಿ ಮಕ್ಕಳೊಂದಿಗೆ ಕುದುರೆಗಳ ಮೇಲಿನ ಕೋಣೆಗಳಲ್ಲೇ ಇರುತ್ತಿದ್ದರು. ಎದುರು ಬದುರಿನ ಹತ್ತು ಹನ್ನೆರಡು ಮನೆಗಳಲ್ಲಿ ಗ್ರೂಮ್, ಕೋಚ್‌ಮನ್, ಗಾಡಿ ತೊಳೆಯುವವನು ಎಂದು ಸಾಲುಸಾಲಾಗಿ ಸಿಕ್ಕರೆ ಅದೇ ಅವನ ಅಂಗಳ. ಅವರ ಹುಟ್ಟೂರುಗಳನ್ನೂ ಬರೆದುಕೊಳ್ಳಿ. ಯಜಮಾನ ತನ್ನ ಹಳ್ಳಿಯ ಕಡೆಯವರನ್ನೇ ಕರೆಸಿಕೊಂಡಿರುತ್ತಾನೆ, ಅವನ ಹುಟ್ಟೂರು ಅಸ್ಪಷ್ಟವಾಗಿದ್ದರೆ ಆಳುಗಳ ಹುಟ್ಟೂರು ದಾರಿ ತೋರಿಸಬಹುದು.

ಜನಗಣತಿಯಲ್ಲಿ ಅವನು ಸಿಗುತ್ತಲೇ ಇಲ್ಲ. ಏನು ಮಾಡುವುದು?

ಮೊದಲು, ಆ ಪುಸ್ತಕವೇ ಉಳಿದಿದೆಯೇ ನೋಡಿ. 1861ರ ಗಣತಿಯಲ್ಲಿ ಲಂಡನ್ನಿನ ಬೆಲ್ಗ್ರೇವಿಯಾದ ಭಾಗಗಳು ಕಳೆದುಹೋಗಿವೆ. ಲಾಯದ ಗಲ್ಲಿಗಳು ಕಿಕ್ಕಿರಿದಿದ್ದ ಪ್ರದೇಶ ಅದು, ಎಷ್ಟೋ ಜನರ ಹುಡುಕಾಟ ಅಲ್ಲೇ ನಿಲ್ಲುತ್ತದೆ. 1851ರ ಮ್ಯಾಂಚೆಸ್ಟರ್ ಕಡೆಯ ಕೆಲವು ಪುಸ್ತಕಗಳು ನೀರು ಬಿದ್ದು ಹಾಳಾಗಿವೆ.

ಪುಸ್ತಕ ಇದ್ದರೆ ದೋಷ ಸೂಚಿಯದು. ಕೈಬರಹ ಓದಿ ಬೆರಳಚ್ಚು ಮಾಡಿದವರು ಹೆಸರಿನ ಮೊದಲ ಅಕ್ಷರವನ್ನೇ ತಪ್ಪು ಓದಿರುತ್ತಾರೆ. ಮನೆತನದ ಹೆಸರು ಬಿಟ್ಟು ಮೊದಲ ಹೆಸರು, ಅಂದಾಜು ಹುಟ್ಟಿದ ವರ್ಷ, ಹುಟ್ಟೂರು ಹಾಕಿ ಹುಡುಕಿ. ಅದೂ ಆಗದಿದ್ದರೆ ವಿರಳ ಹೆಸರಿನ ಮಗುವೊಂದನ್ನು ಆರಿಸಿ ಅದರಿಂದ ಹುಡುಕಿ. ಕೊನೆಗೆ ಬೀದಿಯ ಹೆಸರಿನಿಂದ ಪುಟಪುಟ ತಿರುವಿ. ಗಣತಿಯ ರಾತ್ರಿ ಕುದುರೆ ಸಂತೆಗೆ ಹೋಗಿ ಯಾವುದೋ ಊರಿನ ಛತ್ರದಲ್ಲಿ ಮಲಗಿದ್ದ ಯಜಮಾನರೂ ಇದ್ದಾರೆ. ಮನೆಯ ಪಟ್ಟಿಯಲ್ಲಿ ಹೆಂಡತಿಯೇ ಮೊದಲು ಬಂದು, ಪಕ್ಕದಲ್ಲಿ ವಿಧವೆ ಎನ್ನದೆ ‘ಮದುವೆಯಾದವಳು’ ಎಂದಿದ್ದರೆ ಗಂಡನನ್ನು ಬೇರೆ ಕಡೆ ಹುಡುಕಿ.

ಹುಟ್ಟು, ಮದುವೆ, ಸಾವಿನ ಪತ್ರಗಳು?

ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಮೊದಲ ದಶಕಗಳಲ್ಲಿ ಕೆಲವು ಹುಟ್ಟುಗಳು ನೋಂದಣಿಯಾಗದೆ ಉಳಿದಿವೆ. 1875ರಿಂದ ನಿಯಮ ಬಿಗಿಯಾಯಿತು. ಸೂಚಿ ಮೂರು ಮೂರು ತಿಂಗಳ ಕಂತಿನಲ್ಲಿದ್ದು ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ ಎಂದು ಹೆಸರಿರುತ್ತದೆ. ಇದು ನೋಂದಣಿಯಾದ ಕಾಲ. ಮಾರ್ಚ್ ಕೊನೆಯಲ್ಲಿ ಹುಟ್ಟಿದ ಮಗು ಜೂನ್ ಕಂತಿನಲ್ಲಿ ಸಿಗುವುದು ಸಹಜ.

ಜನರಲ್ ರಿಜಿಸ್ಟರ್ ಆಫೀಸಿನ ಅಂತರಜಾಲ ಸೂಚಿಯನ್ನೇ ಬಳಸಿ. ಅದರಲ್ಲಿ ಮಗುವಿನ ತಾಯಿಯ ತವರಿನ ಹೆಸರು 1837ರಿಂದಲೇ ಇದೆ. ಹಳೆಯ ಮುದ್ರಿತ ಸೂಚಿಯಲ್ಲಿ ಅದು ಬಂದದ್ದು 1911ರಲ್ಲಿ. ಸತ್ತವರ ವಯಸ್ಸೂ ಮುದ್ರಿತ ಸೂಚಿಯಲ್ಲಿ 1866ರಿಂದ ಮಾತ್ರ, ಅಂತರಜಾಲ ಸೂಚಿಯಲ್ಲಿ ಮೊದಲಿನಿಂದಲೂ ಇದೆ. ಒಂದೇ ಹೆಸರಿನವರನ್ನು ಬೇರ್ಪಡಿಸಲು ಇಷ್ಟು ಸಾಕಾಗುವುದುಂಟು.

ಮದುವೆ ಪತ್ರದಲ್ಲಿ ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತವೆ. ಆದರೆ ಅದು ಮದುಮಕ್ಕಳು ಹೇಳಿ ಬರೆಸಿದ ಕಸುಬು. ಬೀಗರೆದುರು ಗ್ರೂಮ್ ಆಗಿದ್ದ ಅಪ್ಪ ಲಾಯದ ಯಜಮಾನನಾಗಿರಬಹುದು. ಇನ್ನೊಂದು ದಾಖಲೆ ಹೌದೆನ್ನುವ ತನಕ ನಂಬಬೇಡಿ. ನೋಂದಣಿಗೆ ಮುಂಚಿನ ಕಾಲಕ್ಕೆ ಪ್ಯಾರಿಷ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳೇ ಗತಿ. 1813ರಿಂದ ಅವು ಅಚ್ಚು ಹಾಕಿದ ನಮೂನೆಯಲ್ಲಿದ್ದು ತಂದೆಯ ಕಸುಬನ್ನು ಕೊಡುತ್ತವೆ. ಮಕ್ಕಳ ಸಾಲನ್ನು ಒಟ್ಟಿಗೆ ಇಟ್ಟು ನೋಡಿದರೆ ಅಪ್ಪ ‘ಆಸ್ಲರ್’ನಿಂದ ‘ಕೋಚ್‌ಮನ್’, ಅಲ್ಲಿಂದ ಯಜಮಾನನಾಗಿ ಏರಿದ್ದು ಕಣ್ಣಿಗೆ ಕಟ್ಟುತ್ತದೆ.

ಡೈರೆಕ್ಟರಿಗಳನ್ನು ಎಷ್ಟು ನಂಬಬಹುದು?

ವಿಳಾಸಕ್ಕೆ ನಂಬಬಹುದು, ವರ್ಷಕ್ಕೆ ಅಷ್ಟಾಗಿ ಅಲ್ಲ. 1868 ಎಂದು ಅಚ್ಚಾದ ಪುಸ್ತಕದ ಮಾಹಿತಿ ಕಲೆಹಾಕಿದ್ದು 1867ರಲ್ಲಿ. ಸತ್ತವನ ಹೆಸರು ಒಂದೆರಡು ವರ್ಷ ಮುಂದುವರಿಯುವುದೂ ಇದೆ. ಕೆಲ್ಲಿ, ಪಿಗಟ್, ಸ್ಲೇಟರ್, ವೈಟ್ ಇವು ದೊಡ್ಡ ಹೆಸರುಗಳು. ಲೆಸ್ಟರ್ ವಿಶ್ವವಿದ್ಯಾಲಯವು 1760ರ ದಶಕದಿಂದ 1910ರ ದಶಕದವರೆಗಿನ ದೊಡ್ಡ ಸಂಗ್ರಹವನ್ನು ಉಚಿತವಾಗಿ ಅಂತರಜಾಲದಲ್ಲಿ ಇಟ್ಟಿದೆ.

ಲಂಡನ್ ಡೈರೆಕ್ಟರಿಯಲ್ಲಿ ಒಂದೇ ಪುಸ್ತಕವನ್ನು ಮೂರು ಕಡೆ ತೆರೆಯಬೇಕು: ಹೆಸರಿನ ಭಾಗ, ಕಸುಬಿನ ಭಾಗ, ಬೀದಿಯ ಭಾಗ. ಬೀದಿಯ ಭಾಗ ಅತ್ಯಂತ ಉಪಯುಕ್ತ, ಅಡ್ಡರಸ್ತೆ ಎಲ್ಲಿ ಸೇರುತ್ತದೆಂದು ನಡುನಡುವೆ ಹೇಳುತ್ತದೆ. ಅದರಿಂದ ಅಂಗಳವನ್ನು ನಕ್ಷೆಯ ಮೇಲೆ ಕೂರಿಸಬಹುದು. ಐದು ವರ್ಷಕ್ಕೊಂದು ಪುಸ್ತಕ ನೋಡಿದರೆ ಸಾಲದು, ಸಿಕ್ಕ ಎಲ್ಲ ವರ್ಷಗಳನ್ನೂ ನೋಡಿ. ಹೆಸರಿನ ಜೊತೆ ‘ಅಂಡ್ ಸನ್’ ಸೇರಿದ ವರ್ಷ, ‘ಮಿಸೆಸ್’ ಆದ ವರ್ಷ, ‘ಎಕ್ಸಿಕ್ಯೂಟರ್ಸ್ ಆಫ್’ ಬಂದ ವರ್ಷ, ಮೂರೂ ಮನೆಯೊಳಗಿನ ದೊಡ್ಡ ಬದಲಾವಣೆಯ ಗುರುತುಗಳು.

ಅಂಗಳವನ್ನು ಹುಡುಕುವುದು ಹೇಗೆ?

ನಕ್ಷೆಯಿಂದ. ಆರ್ಡ್‌ನೆನ್ಸ್ ಸರ್ವೆ ಎಂಬ ಸರ್ಕಾರಿ ನಕ್ಷೆ ಸಂಸ್ಥೆಯ ಹಳೆಯ ನಕ್ಷೆಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಉಚಿತವಾಗಿ ತೋರಿಸುತ್ತದೆ, ಇಂಗ್ಲೆಂಡಿನದೂ ಸೇರಿ. ಮೈಲಿಗೆ 25 ಅಂಗುಲದ ನಕ್ಷೆ ಬಹುತೇಕ ಎಲ್ಲ ಕಡೆಗೂ ಇದೆ. ಲಂಡನ್ನಿಗೆ 1890ರ ದಶಕದ, ಮೈಲಿಗೆ 5 ಅಡಿಯ ನಕ್ಷೆ ಇದ್ದರೆ ಅದನ್ನೇ ತೆಗೆಯಿರಿ. ಅನೇಕ ಊರುಗಳಿಗೆ 1:500 ಪ್ರಮಾಣದ ನಕ್ಷೆಗಳಿವೆ. ಮನೆಗಳ ಕೆಳಗಿನಿಂದ ಒಳಗೆ ಹೋಗುವ ಕಮಾನಿನ ದಾರಿಯನ್ನು ಇವುಗಳಲ್ಲಿ ಅಡ್ಡಗೆರೆಗಳಿಂದ ಗುರುತಿಸಿರುತ್ತಾರೆ. ಬೀದಿಗೆ ಕಾಣುವುದು ಒಂದು ಬಾಗಿಲಷ್ಟೇ, ಅಂಗಳ ಹಿಂದೆ ಹರಡಿರುತ್ತದೆ.

ನಕ್ಷೆ ಸಿಕ್ಕಮೇಲೆ ಅಳತೆ ಮಾಡಿ. ಒಂದು ಕುದುರೆ ಕಟ್ಟುವ ಸ್ಟಾಲಿನ ಅಗಲ ಸುಮಾರು 6 ಅಡಿ. ಕುದುರೆಯನ್ನು ಬಿಚ್ಚಿ ಬಿಡುವ ‘ಲೂಸ್ ಬಾಕ್ಸ್’ಗೆ ಅದರ ಎರಡು ಪಟ್ಟು ಬೇಕು. 60 ಅಡಿ ಉದ್ದದ ಒಂದು ಸಾಲಿನ ಲಾಯದಲ್ಲಿ ಹತ್ತಕ್ಕಿಂತ ಹೆಚ್ಚು ಕುದುರೆ ನಿಲ್ಲುತ್ತಿರಲಿಲ್ಲ. ಮಾರಾಟದ ಜಾಹೀರಾತು ‘30 ಕುದುರೆಗಳ ಲಾಯ’ ಎಂದರೆ ಎಷ್ಟು ಸಾಲುಗಳಿರಬೇಕೆಂದು ಇದರಿಂದ ಪರೀಕ್ಷಿಸಬಹುದು.

ಸ್ಥಳೀಯ ತೆರಿಗೆ ಪುಸ್ತಕಗಳು ಕೌಂಟಿ ದಾಖಲೆ ಕಚೇರಿಗಳಲ್ಲಿವೆ. ಮಾಲೀಕ ಯಾರು, ವಾಸವಿರುವವರು ಯಾರು ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ಬಹುಪಾಲು ಲಾಯದವರು ಬಾಡಿಗೆದಾರರು ಅಥವಾ ಗುತ್ತಿಗೆದಾರರು, ನೆಲದ ಒಡೆಯರಲ್ಲ. ಒಡೆಯ ದೊಡ್ಡ ಎಸ್ಟೇಟು, ಚರ್ಚು ಅಥವಾ ಬ್ರೂವರಿ ಆಗಿದ್ದರೆ ಗುತ್ತಿಗೆ ಪತ್ರ ಅವರ ಕಾಗದಗಳಲ್ಲಿ ಸಿಗಬಹುದು. ಬೆಂಕಿ ವಿಮೆಯನ್ನೂ ನೋಡಿ. ಹುಲ್ಲು, ದೀಪ, ಮರದ ಅಟ್ಟ ಒಟ್ಟಿಗಿದ್ದ ಜಾಗ ಅದು. ಸನ್ ಫೈರ್ ಆಫೀಸಿನ ಪಾಲಿಸಿ ಪುಸ್ತಕಗಳು ಲಂಡನ್ ಆರ್ಕೈವ್ಸ್‌ನಲ್ಲಿವೆ, 2024ರವರೆಗೆ ಲಂಡನ್ ಮೆಟ್ರೊಪಾಲಿಟನ್ ಆರ್ಕೈವ್ಸ್ ಎನ್ನುತ್ತಿದ್ದ ಸಂಸ್ಥೆ ಅದೇ.

ಒಂದು ಎಚ್ಚರಿಕೆ. 19ನೇ ಶತಮಾನದ ಎರಡನೇ ಅರ್ಧದಲ್ಲಿ ಲಂಡನ್ನಿನ ಬೀದಿಗಳ ಹೆಸರು, ಮನೆಗಳ ಸಂಖ್ಯೆ ಬಹಳಷ್ಟು ಬದಲಾದವು. ಯಜಮಾನ 14ನೇ ಸಂಖ್ಯೆಯಿಂದ 37ಕ್ಕೆ ‘ಹೋದ’ ಎಂದು ಕಂಡರೆ ಅವನು ಕದಲಿರಲಿಕ್ಕಿಲ್ಲ. ಮೂಲೆಯ ಹೆಂಡದಂಗಡಿಯ ಹೆಸರು ಸಾಮಾನ್ಯವಾಗಿ ಬದಲಾಗುವುದಿಲ್ಲ. ಅಲ್ಲಿಂದ ಎಣಿಸಿಕೊಂಡು ಬನ್ನಿ.

ಪತ್ರಿಕೆಗಳಲ್ಲಿ ಹೆಸರು ಹಾಕಿದರೆ ಸಾವಿರ ಫಲಿತಾಂಶ ಬರುತ್ತದೆ, ಅಥವಾ ಒಂದೂ ಬರುವುದಿಲ್ಲ. ಯಾಕೆ?

ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಯಂತ್ರ ಓದಿದ ಪಠ್ಯ ಇರುವುದು. ಮಸುಕಾದ ಅಚ್ಚು, ಸಾಲಿನ ತುದಿಯಲ್ಲಿ ಮುರಿದ ಪದ ಎರಡನ್ನೂ ಯಂತ್ರ ತಪ್ಪು ಓದುತ್ತದೆ. ಹೆಸರಿನ ಬದಲು ಅಂಗಳದ ಹೆಸರು ಹಾಕಿ, ಊರಿನ ಪತ್ರಿಕೆಗೆ ಮಾತ್ರ ಸೀಮಿತಗೊಳಿಸಿ, ಐದೈದು ವರ್ಷದ ತುಂಡುಗಳಲ್ಲಿ ಹುಡುಕಿ. ಲ್ಯಾಂಡೋ, ಬ್ರೂಮ್, ವ್ಯಾಗನೆಟ್, ಫ್ಲೈ ಎಂಬ ಗಾಡಿಗಳ ಹೆಸರನ್ನು ಬೀದಿಯ ಹೆಸರಿನೊಂದಿಗೆ ಜೋಡಿಸಿದರೆ ಜಾಹೀರಾತುಗಳು ಸಿಗುತ್ತವೆ.

ಹುಡುಕಬೇಕಾದ್ದು ಇವು: ವ್ಯಾಪಾರ ವಹಿಸಿಕೊಂಡ ಪ್ರಕಟಣೆ (ಹಿಂದಿನವನ ಹೆಸರು ಇದರಲ್ಲೇ ಇರುತ್ತದೆ), ಕುದುರೆ ಮತ್ತು ಗಾಡಿಗಳ ಹರಾಜು, ಅಪಘಾತ ಮತ್ತು ಶವವಿಚಾರಣೆ, ಪ್ರಾಣಿಹಿಂಸೆಯ ಮೊಕದ್ದಮೆ, ಬೆಂಕಿ. ಹರಾಜಿನ ಪಟ್ಟಿ ಸಿಕ್ಕರೆ ಅದೃಷ್ಟ. ಕುದುರೆಗಳ ಬಣ್ಣ, ಎತ್ತರ, ಕೆಲವೊಮ್ಮೆ ಹೆಸರು, ಗಾಡಿಗಳ ಸಂಖ್ಯೆ, ಎಲ್ಲ ಒಂದೇ ಕಡೆ. ಹರಾಜು ಯಾಕೆ ಎಂಬ ಕಾರಣವೂ ಮೊದಲ ಸಾಲಲ್ಲೇ ಇರುತ್ತದೆ, ನಿವೃತ್ತಿ, ಸಾವು ಅಥವಾ ದಿವಾಳಿ.

ದಿವಾಳಿಯಾದವರು ಇಷ್ಟೊಂದು ಮಂದಿ ಯಾಕೆ? ಆ ದಾಖಲೆ ಎಲ್ಲಿ?

ಕಾರಣ ಕಾನೂನಿನಲ್ಲೇ ಇತ್ತು. ಛತ್ರದವನು ಅತಿಥಿ ಹಣ ಕೊಡದಿದ್ದರೆ ಅವನ ಕುದುರೆಯನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಬಾಡಿಗೆ ಲಾಯದವನಿಗೆ, ಮುಂಚೆಯೇ ಒಪ್ಪಂದ ಮಾಡಿಕೊಂಡಿರದಿದ್ದರೆ, ಆ ಹಕ್ಕು ಇರಲಿಲ್ಲ. ತಿಂಗಳುಗಟ್ಟಲೆ ಮೇವು ಹಾಕಿದ ಕುದುರೆಯನ್ನು ಒಡೆಯ ಬಂದು ಹೊಡೆದುಕೊಂಡು ಹೋದರೆ ಇವನು ಬಾಕಿಗೆ ಮೊಕದ್ದಮೆ ಹೂಡಬೇಕು. ಅತ್ತ ಹುಲ್ಲು, ಓಟ್ಸ್ ಮಾರಿದವನು ಕಾಯುವುದಿಲ್ಲ. ಕುದುರೆಯೋ ದುಡಿಯಲಿ ಬಿಡಲಿ ದಿನಾ ತಿನ್ನುತ್ತದೆ. ದಿವಾಳಿಯಾದವನನ್ನು ಸೋಮಾರಿ, ಕುಡುಕ ಎಂದು ತೀರ್ಮಾನಿಸುವ ಮೊದಲು ಇದನ್ನು ನೆನೆಯಬೇಕು.

ಪ್ರಕಟಣೆಗಳು ಸರ್ಕಾರಿ ಪತ್ರಿಕೆಯಾದ ಲಂಡನ್ ಗೆಜೆಟ್‌ನಲ್ಲಿವೆ, ಅಂತರಜಾಲದಲ್ಲಿ ಉಚಿತ. ಇಲ್ಲಿ ಎರಡು ಬೇರೆ ಬೇರೆ ದಾರಿಗಳಿದ್ದವು. 1861ರ ಕಾಯ್ದೆಗೆ ಮುಂಚೆ ಕಾನೂನಿನ ಪ್ರಕಾರ ‘ವ್ಯಾಪಾರಿ’ ಎನಿಸಿಕೊಂಡವರಿಗೆ ಮಾತ್ರ ದಿವಾಳಿತನ, ಉಳಿದವರಿಗೆ ಸಾಲಗಾರರ ಸೆರೆಮನೆ. 1849ರ ಕಾಯ್ದೆಯ ವ್ಯಾಪಾರಿಗಳ ಪಟ್ಟಿಯಲ್ಲಿ ಲಾಯದ ಯಜಮಾನರ ಹೆಸರು ಸ್ಪಷ್ಟವಾಗಿದೆ. ಆದರೂ ಸಣ್ಣಪುಟ್ಟವರು ಸಾಲಗಾರರ ಪಟ್ಟಿಯಲ್ಲೇ ಸಿಗುತ್ತಾರೆ, ಆದ್ದರಿಂದ ಎರಡೂ ಕಡೆ ನೋಡಿ. ಸಾಲಕ್ಕಾಗಿ ಸೆರೆಗೆ ಹಾಕುವುದು ಬಹುಮಟ್ಟಿಗೆ ನಿಂತದ್ದು 1869ರ ಕಾಯ್ದೆಯಿಂದ.

ಸಾಲಗಾರರ ಪ್ರಕಟಣೆ ಸಂಶೋಧಕನಿಗೆ ನಿಧಿ. ‘ಮೊದಲು ಇಂಥಲ್ಲಿ, ನಂತರ ಇಂಥಲ್ಲಿ, ಇತ್ತೀಚೆಗೆ ಇಂಥಲ್ಲಿ’ ಎಂದು ಅವನಿದ್ದ ವಿಳಾಸಗಳನ್ನೂ ಮಾಡಿದ ಕಸುಬುಗಳನ್ನೂ ಒಂದೇ ಉಸಿರಿಗೆ ಕೊಡುತ್ತದೆ. ದಿವಾಳಿ ಪ್ರಕಟಣೆಯಲ್ಲಿ ಕಸುಬಿನ ಕೊನೆಗೆ ‘ಡೀಲರ್ ಅಂಡ್ ಚಾಪ್‌ಮನ್’ ಎಂದಿದ್ದರೆ ಅದು ವಕೀಲರ ರೂಢಿಯ ಮಾತು, ಹೊಸ ಕಸುಬೆಂದು ಬರೆದುಕೊಳ್ಳಬೇಡಿ. ಪಾಲುದಾರಿಕೆ ಮುರಿದ ಪ್ರಕಟಣೆಗಳೂ ಇದೇ ಗೆಜೆಟ್‌ನಲ್ಲಿವೆ, ಎಲ್ಲ ಪಾಲುದಾರರ ಹೆಸರಿನ ಸಮೇತ.

ನ್ಯಾಯಾಲಯದ ಮೂಲ ಕಡತಗಳು ಕ್ಯೂನಲ್ಲಿ ಬಿ 3, ಬಿ 9 ಸರಣಿಗಳಲ್ಲಿವೆ, ಆದರೆ ಉಳಿದಿರುವುದು ಸ್ವಲ್ಪ ಮಾತ್ರ. ಗೆಜೆಟ್‌ನಿಂದ ವಿಚಾರಣೆಯ ದಿನಾಂಕ ತೆಗೆದುಕೊಂಡು ಊರಿನ ಪತ್ರಿಕೆಯ ಮುಂದಿನ ಒಂದೆರಡು ವಾರಗಳನ್ನು ಓದಿ. ಸಾಲ ಎಷ್ಟು, ಆಸ್ತಿ ಎಷ್ಟು, ಯಾವ ಗಿರಾಕಿ ಕೈಕೊಟ್ಟ ಎಂಬುದೆಲ್ಲ ವರದಿಯಾಗಿರುತ್ತದೆ.

ಉಯಿಲು ಎಲ್ಲಿ ಸಿಗುತ್ತದೆ? ಅದರಲ್ಲಿರುವ ಮೊತ್ತ ನಿಜವೇ?

1858ರ ಜನವರಿ 12ಕ್ಕಿಂತ ಮುಂಚೆ ಚರ್ಚಿನ ನ್ಯಾಯಾಲಯಗಳು. ಅವುಗಳಲ್ಲಿ ದೊಡ್ಡದಾದ ಕ್ಯಾಂಟರ್ಬರಿ ನ್ಯಾಯಾಲಯದ ಉಯಿಲುಗಳು ಕ್ಯೂನ ಪ್ರಾಬ್ 11 ಸರಣಿಯಲ್ಲಿವೆ, ಉಳಿದವು ಕೌಂಟಿ ಕಚೇರಿಗಳಲ್ಲಿ. ಆ ದಿನದ ನಂತರ ಇಡೀ ದೇಶಕ್ಕೆ ಒಂದೇ ವಾರ್ಷಿಕ ಪಟ್ಟಿ. ಪ್ರತಿಯನ್ನು ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಶುಲ್ಕ ಕಟ್ಟಿ ತರಿಸಬಹುದು. ಪಟ್ಟಿ ಇರುವುದು ಉಯಿಲು ಮಂಜೂರಾದ ವರ್ಷದ ಪ್ರಕಾರ, ಸತ್ತ ವರ್ಷದ ಪ್ರಕಾರ ಅಲ್ಲ. ಸತ್ತ ವರ್ಷದಿಂದ ಮುಂದಿನ ಮೂರ್ನಾಲ್ಕು ವರ್ಷವಾದರೂ ನೋಡಿ.

‘450 ಪೌಂಡಿನ ಒಳಗೆ’ ಎಂಬ ಮೊತ್ತ ನೋಡಿ ಶ್ರೀಮಂತ, ಬಡವ ಎನ್ನಬೇಡಿ. ಅದು ಚರಾಸ್ತಿಯ ಅಂದಾಜು ಮಿತಿ. ಗುತ್ತಿಗೆಯ ಹಕ್ಕು ಅದರಲ್ಲಿ ಸೇರುತ್ತದೆ, ಸ್ವಂತ ನೆಲ 1898ರವರೆಗೆ ಸೇರುತ್ತಿರಲಿಲ್ಲ. ಬಾಕಿ ಇದ್ದ ಸಾಲವನ್ನೂ ಕಳೆದಿರುವುದಿಲ್ಲ. ಕ್ಯೂನ ಐಆರ್ 26 ಸರಣಿಯಲ್ಲಿ ಮರಣ ತೆರಿಗೆಯ ಪುಸ್ತಕಗಳಿವೆ. ಹಣ ಕೊನೆಗೆ ಯಾರ ಕೈಸೇರಿತೆಂಬ ಟಿಪ್ಪಣಿ ಅಲ್ಲಿ ಇರುವುದುಂಟು.

ಉಯಿಲು ಅಸ್ಪಷ್ಟವಾಗಿದ್ದರೆ ಮನೆಯವರು ಚಾನ್ಸರಿ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಕವಿ ಜಾನ್ ಕೀಟ್ಸನ ಕುಟುಂಬವೇ ಸಾಕ್ಷಿ. ತಾತ ಜಾನ್ ಜೆನ್ನಿಂಗ್ಸ್ ಲಂಡನ್ನಿನಲ್ಲಿ ‘ಸ್ವಾನ್ ಅಂಡ್ ಹೂಪ್’ ಎಂಬ ಛತ್ರ ಮತ್ತು ಬಾಡಿಗೆ ಲಾಯ ನಡೆಸುತ್ತಿದ್ದ. ಅಲ್ಲಿ ದುಡಿಯುತ್ತಿದ್ದ ಥಾಮಸ್ ಕೀಟ್ಸ್ ಯಜಮಾನನ ಮಗಳನ್ನು ಮದುವೆಯಾಗಿ ಲಾಯ ವಹಿಸಿಕೊಂಡ, 1804ರಲ್ಲಿ ಕುದುರೆಯಿಂದ ಬಿದ್ದು ಸತ್ತ. ಮರುವರ್ಷ ತಾತ ತೀರಿಕೊಂಡಾಗ ಅವನ ಉಯಿಲಿನ ಮೇಲೆ ವ್ಯಾಜ್ಯ ಹುಟ್ಟಿತು. ಇದು ವಿಕ್ಟೋರಿಯಾಗಿಂತ ಮುಂಚಿನ ತಲೆಮಾರಿನದು. ಆದರೆ ಆಳಾಗಿ ಬಂದು ಅಳಿಯನಾಗಿ ಅಂಗಳ ಹಿಡಿಯುವ ಇದೇ ದಾರಿ ಮುಂದೆಯೂ ಮತ್ತೆ ಮತ್ತೆ ಕಾಣುತ್ತದೆ.

ಹೆಂಗಸರು ಲಾಯ ನಡೆಸುತ್ತಿದ್ದರೇ?

ನಡೆಸುತ್ತಿದ್ದರು, ಹೆಚ್ಚಾಗಿ ವಿಧವೆಯರು. ಗಂಡ ಬದುಕಿದ್ದಾಗ ಲೆಕ್ಕ, ಬುಕಿಂಗ್, ಗಿರಾಕಿಗಳನ್ನು ಅವಳೇ ನೋಡಿಕೊಂಡಿದ್ದರೂ ಗಣತಿಯ ಕಸುಬಿನ ಕಂಬ ಖಾಲಿ. ಗಂಡ ಸತ್ತ ಮರುವರ್ಷದ ಡೈರೆಕ್ಟರಿಯಲ್ಲಿ ಯಜಮಾನಿಯಾಗಿ ಎದ್ದು ನಿಲ್ಲುತ್ತಾಳೆ. ಮುಂದಿನ ಗಣತಿಗೆ ಮಗನೋ, ಹಳೆಯ ಮ್ಯಾನೇಜರನನ್ನು ಮದುವೆಯಾಗಿ ಹೊಸ ಗಂಡನೋ ಬಂದಿರಬಹುದು. ಆಗ ಲಾಯದ ಹೆಸರು ಬದಲಾಗಿ ಎಳೆ ಕಳೆದುಹೋಗುತ್ತದೆ. ಮತ್ತೆ ಅಂಗಳವನ್ನೇ ಹಿಡಿಯಬೇಕು. 1883ರ ಜನವರಿಯಿಂದ ಮದುವೆಯಾದ ಹೆಂಗಸಿಗೆ ಸ್ವಂತ ಆಸ್ತಿಯ ಪೂರ್ಣ ಹಕ್ಕು ಬಂತು, ಆಮೇಲಿನ ಹೆಂಡತಿಯರ ಉಯಿಲುಗಳನ್ನೂ ಹುಡುಕಿ.

ಪರವಾನಗಿ ದಾಖಲೆಗಳು ಇವೆಯೇ?

ಲಂಡನ್ನಿನ ಹೊರಗೆ ಬಾಡಿಗೆ ಗಾಡಿಗಳ ಪರವಾನಗಿ 1847ರ ಟೌನ್ ಪೊಲೀಸ್ ಕ್ಲಾಜಸ್ ಆಕ್ಟ್ ಪ್ರಕಾರ ಸ್ಥಳೀಯ ಆಡಳಿತದ ಕೈಯಲ್ಲಿತ್ತು. ಊರಿನ ಸಭೆಯ ನಡಾವಳಿ ಪುಸ್ತಕಗಳಲ್ಲಿ, ವಿಶೇಷವಾಗಿ ಊರಿನ ಪೊಲೀಸ್ ಉಸ್ತುವಾರಿ ಹೊತ್ತ ‘ವಾಚ್ ಕಮಿಟಿ’ಯ ಪುಸ್ತಕಗಳಲ್ಲಿ ನೋಡಿ. ಹೆಂಡದ ಪರವಾನಗಿಯೂ ಇದ್ದವನಾದರೆ ಪ್ರತಿ ವರ್ಷದ ಪರವಾನಗಿ ಅಧಿವೇಶನದ ವರದಿ ಪತ್ರಿಕೆಯಲ್ಲಿ ಇರುತ್ತದೆ.

ಅಪರಾಧ ದಾಖಲೆಗಳಲ್ಲಿ ಅವನು ಯಾಕೆ ಬರುತ್ತಾನೆ?

ಬಹುತೇಕ ದೂರುದಾರನಾಗಿ. ಸಭ್ಯ ವೇಷದಲ್ಲಿ ಬಂದು ಒಂದು ದಿನಕ್ಕೆ ಕುದುರೆ, ಗಾಡಿ ಬಾಡಿಗೆ ಪಡೆದು ಬೇರೆ ಊರಲ್ಲಿ ಮಾರಿಬಿಡುವ ಮೋಸ ಆಗ ಸಾಮಾನ್ಯ. ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ 1674ರಿಂದ 1913ರವರೆಗಿನ ಮುದ್ರಿತ ನಡಾವಳಿ ಉಚಿತವಾಗಿ ಹುಡುಕಲು ಸಿಗುತ್ತದೆ. ಸಾಕ್ಷಿ ಹೇಳುವವನು ಮೊದಲು ತನ್ನ ಕಸುಬು, ಅಂಗಳದ ವಿಳಾಸ ಹೇಳುತ್ತಾನೆ. ಬಾಡಿಗೆ ಎಷ್ಟು, ಕುದುರೆಯ ಬೆಲೆ ಎಷ್ಟು, ರಾತ್ರಿ ಕಾವಲಿಗೆ ಯಾರಿದ್ದರು, ಇಂಥ ದಿನನಿತ್ಯದ ವಿವರ ಬೇರೆ ಯಾವ ದಾಖಲೆಯಲ್ಲೂ ಹೀಗೆ ಸಿಗುವುದಿಲ್ಲ.

ಒಂದೇ ಊರಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ?

ಇಬ್ಬರಿಗೂ ಬೇರೆ ಬೇರೆ ಪಟ್ಟಿ ಮಾಡಿ, ಸಾಯುವವರೆಗೂ ಇಬ್ಬರನ್ನೂ ಹಿಂಬಾಲಿಸಿ. ಬೇಡದವನನ್ನು ಅರ್ಧಕ್ಕೆ ಬಿಟ್ಟರೆ ಅವನ ಮಕ್ಕಳು ನಿಮ್ಮವನ ಮನೆಗೆ ಸೇರಿಕೊಳ್ಳುತ್ತಾರೆ. ಚರ್ಚಿನ ಮೂಲ ಮದುವೆ ಪುಸ್ತಕದ ಸಹಿಯನ್ನು ಉಯಿಲಿನ ಮೂಲ ಪ್ರತಿಯ ಸಹಿಯೊಂದಿಗೆ ಹೋಲಿಸಿ. 1872ರಲ್ಲಿ ಗುಪ್ತ ಮತದಾನ ಬರುವವರೆಗೆ ಅಚ್ಚಾಗುತ್ತಿದ್ದ ಮತದಾರರ ಪುಸ್ತಕಗಳಲ್ಲಿ ಯಾರು ಯಾರಿಗೆ ಮತ ಹಾಕಿದರೆಂದೂ ಇದೆ, ಅಪ್ಪ ಮಗನನ್ನು ಬೇರ್ಪಡಿಸಲು ಇದೂ ನೆರವಾಗುತ್ತದೆ.

ಸ್ಕಾಟ್ಲೆಂಡ್, ಐರ್ಲೆಂಡ್?

ಸ್ಕಾಟ್ಲೆಂಡಿನ ನೋಂದಣಿ ಶುರುವಾದದ್ದು 1855ರಲ್ಲಿ. ‘ಸ್ಕಾಟ್ಲೆಂಡ್ಸ್ ಪೀಪಲ್’ ತಾಣದಲ್ಲಿದೆ, ಸಾವಿನ ದಾಖಲೆಯಲ್ಲಿ ತಂದೆತಾಯಿಯರ ಹೆಸರೂ ಇರುತ್ತದೆ. ಐರ್ಲೆಂಡಿನಲ್ಲಿ ಪೂರ್ಣ ನೋಂದಣಿ 1864ರಿಂದ. ಅಲ್ಲಿನ ವಿಕ್ಟೋರಿಯಾ ಕಾಲದ ಗಣತಿಗಳು ಬಹುತೇಕ ನಾಶವಾಗಿವೆ. 1901 ಮತ್ತು 1911ರವು ಪೂರ್ಣವಾಗಿಯೂ ಉಚಿತವಾಗಿಯೂ ಸಿಗುತ್ತವೆ.

ದುಡ್ಡು ಖರ್ಚಿಲ್ಲದೆ ಎಷ್ಟು ದೂರ ಹೋಗಬಹುದು?

ಸಾಕಷ್ಟು ದೂರ. ವಂಶಾವಳಿ ತಾಣ ಫ್ಯಾಮಿಲಿಸರ್ಚ್, ಹುಟ್ಟು, ಮದುವೆ, ಸಾವಿನ ಸೂಚಿಯ ತಾಣ ಫ್ರೀಬಿಎಂಡಿ, ಲೆಸ್ಟರ್ ಡೈರೆಕ್ಟರಿಗಳು, ಗೆಜೆಟ್, ಓಲ್ಡ್ ಬೈಲಿ, ಸ್ಕಾಟಿಷ್ ಗ್ರಂಥಾಲಯದ ನಕ್ಷೆಗಳು ಉಚಿತ. ಇವುಗಳಿಂದ ಪ್ರಶ್ನೆಗಳ ಪಟ್ಟಿ ಸಿದ್ಧ ಮಾಡಿಕೊಂಡು ಆಮೇಲೆ ಚಂದಾ ತಾಣಗಳಿಗೆ ಒಂದು ತಿಂಗಳು ಮಾತ್ರ ಸೇರಿ. ಬ್ರಿಟನ್ನಿನಲ್ಲಿರುವ ಕನ್ನಡಿಗರು ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ವಿಚಾರಿಸಿ, ಅನೇಕ ಕಡೆ ಈ ತಾಣಗಳನ್ನು ಒಳಗೆ ಕೂತು ಉಚಿತವಾಗಿ ನೋಡಬಹುದು.

ಅವನು ಅಥವಾ ಅವನ ಮಗ ಬೆಂಗಳೂರಿಗೆ ಬಂದಿದ್ದರೆ?

ಬೆಂಗಳೂರಿನ ದಂಡು ಪ್ರದೇಶದ ಆಂಗ್ಲಿಕನ್ ಚರ್ಚುಗಳ ಹುಟ್ಟು, ಮದುವೆ, ಸಾವಿನ ದಾಖಲೆಯ ನಕಲುಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಮದ್ರಾಸಿನ ಸರಣಿ ಎನ್ 2. ‘ಬೆಂಗಳೂರು’ ಎಂದು ಮಾತ್ರ ಹುಡುಕಿ ಸಿಗಲಿಲ್ಲವೆಂದು ಬಿಡಬೇಡಿ, ಮದ್ರಾಸಿನ ಸೂಚಿಯಲ್ಲಿ ಹೆಸರಿನಿಂದ ಹುಡುಕಿ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸೂಚಿ ಉಚಿತ. ಥ್ಯಾಕರ್ ಡೈರೆಕ್ಟರಿ 1885ರಿಂದ ಇಡೀ ಭಾರತವನ್ನು ಒಳಗೊಂಡಿದೆ. ಆಡಳಿತದ ಕಡತಗಳಿಗೆ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರವನ್ನೂ ಕೇಳಿ. ಇಲ್ಲಿನ ಲಾಯಗಳಲ್ಲಿ ದುಡಿದ ಸಯಿಸರು, ಹುಲ್ಲು ಕೊಯ್ಯುವವರ ಹೆಸರುಗಳು ಚರ್ಚಿನ ಪುಸ್ತಕದಲ್ಲಿ ಬಾರವು. ಪೊಲೀಸ್ ಮತ್ತು ನ್ಯಾಯಾಲಯದ ಕಡತಗಳಲ್ಲಿ ಅವರನ್ನು ಹುಡುಕುವುದು ಕಷ್ಟದ ಕೆಲಸ, ಆದರೂ ಮಾಡಬೇಕಾದ ಕೆಲಸ.

1901ರ ನಂತರ ಲಾಯಕ್ಕೆ ಏನಾಯಿತೆಂದು ತಿಳಿಯುವುದು ಹೇಗೆ?

1911ರ ಗಣತಿಯ ಹಾಳೆಯನ್ನು ಮನೆಯ ಯಜಮಾನನೇ ತನ್ನ ಕೈಯಾರೆ ತುಂಬಿದ್ದು. ಕಸುಬಿನ ಕಂಬದಲ್ಲಿ ‘ಜಾಬ್ ಮಾಸ್ಟರ್’ ಜೊತೆಗೆ ‘ಮೋಟಾರ್’ ಎಂಬ ಪದ ನುಸುಳಿರಬಹುದು. ಲಂಡನ್ನಿನಲ್ಲಿ ಸುಮಾರು 1910ರ ಹೊತ್ತಿಗೆ ಮೋಟಾರು ಕ್ಯಾಬುಗಳು ಕುದುರೆ ಕ್ಯಾಬುಗಳನ್ನು ಮೀರಿದವು. ಕಟ್ಟಡದ ಸ್ಥಿತಿ ಬೇಕಿದ್ದರೆ 1910ರ ಭೂ ಮೌಲ್ಯಮಾಪನದ ಪುಸ್ತಕಗಳನ್ನು ತರಿಸಿ. ಕ್ಯೂನಲ್ಲಿ ಐಆರ್ 58 ಸರಣಿ. ಮೊದಲು ಅದರ ಜೊತೆಗಿನ ನಕ್ಷೆಯಲ್ಲಿ ಆಸ್ತಿಯ ಸಂಖ್ಯೆ ಕಂಡುಹಿಡಿಯಬೇಕು, ಆ ಸಂಖ್ಯೆ ಇಲ್ಲದೆ ಪುಸ್ತಕ ಸಿಗುವುದಿಲ್ಲ. ಕೆಲವು ಪುಸ್ತಕಗಳಲ್ಲಿ ಸ್ಟಾಲುಗಳು ಎಷ್ಟು, ಅಟ್ಟ ಹೇಗಿದೆ, ಗೋಡೆ ಯಾವುದರದ್ದು ಎಂದೆಲ್ಲ ಬರೆದಿರುತ್ತದೆ. 1914ರ ಆಗಸ್ಟ್‌ನಲ್ಲಿ ಸೇನೆ ಊರೂರಿಂದ ಕುದುರೆಗಳನ್ನು ವಶಪಡಿಸಿಕೊಂಡಿತು. ಆ ವಾರಗಳ ಸ್ಥಳೀಯ ಪತ್ರಿಕೆಗಳನ್ನು ನೋಡಿ, ಆಮೇಲೆ 1921ರ ಗಣತಿ. ಅದರಲ್ಲಿ ಪ್ರತಿಯೊಬ್ಬರ ಧಣಿ ಯಾರು, ಕೆಲಸದ ಜಾಗ ಯಾವುದು ಎಂಬ ಕಂಬಗಳಿವೆ. ಅದೇ ಅಂಗಳದ ವಿಳಾಸದಲ್ಲಿ ಗ್ಯಾರೇಜೊಂದು ಸಿಕ್ಕರೆ, ಅಲ್ಲಿ ದುಡಿಯುವವರಲ್ಲಿ ಹಳೆಯ ಯಜಮಾನನ ಮನೆತನದ ಹೆಸರು ಇದೆಯೇ ಎಂದು ಪರೀಕ್ಷಿಸಿ.